ಪುಟ್ಟ ಪಾತ್ರೆಯ ಸಾರು

ನಮ್ಮ ಕಡೆಯ ಊರುಗಳಲ್ಲಿ ಐವತ್ತು ದಾಟಿದ ದಂಪತಿಗಳಿರುವ ಯಾವ ಮನೆಗಾದರೂ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೋಗಿ, ಒಲೆಯ ಕಡೆ ಒಮ್ಮೆ ಕಣ್ಣು ಹಾಯಿಸಿ. ದೊಡ್ಡ ಪಾತ್ರೆಯಲ್ಲಿ ಸಾರು ಕುದಿಯುತ್ತಿರುತ್ತದೆ. ಅದರ ಪಕ್ಕದಲ್ಲೇ, ಮಗುವಿಗೆ ಹಾಲು ಕಾಯಿಸುವಂಥ ಪುಟ್ಟ ಪಾತ್ರೆಯೊಂದರಲ್ಲಿ, ಉಪ್ಪು ಬೀಳುವ ಮೊದಲೇ ತೆಗೆದಿಟ್ಟ ಅದೇ ಸಾರು ಬೇರೆಯಾಗಿ ಕುಳಿತಿರುತ್ತದೆ. "ಇದು ಇವರಿಗೆ. ಬಿ.ಪಿ. ಅಲ್ವಾ?" ಎನ್ನುತ್ತಾಳೆ ಮನೆಯಾಕೆ. ಹೇಳುವಾಗ ಆಕೆಯ ಮುಖದಲ್ಲಿ ಒಂದಿಷ್ಟು ಹೆಮ್ಮೆಯೂ ಇರುತ್ತದೆ. ಕೇಳಿದ ನಾವೂ "ಪಾಪ, ಎಷ್ಟು ಚೆನ್ನಾಗಿ ನೋಡ್ಕೋತಾರೆ" ಎಂದು ಮೆಚ್ಚಿಕೊಂಡು, ಕಾಫಿ ಕುಡಿದು ಎದ್ದು ಬರುತ್ತೇವೆ.

ನನ್ನ ಜಗಳವೆಲ್ಲ ಆ ಪುಟ್ಟ ಪಾತ್ರೆಯ ಮೇಲೆ. ಅದನ್ನು ಪ್ರೀತಿಯೆಂದು ಕರೆಯುವವರ ಮೇಲೂ ಹೌದು. ರೋಗಿಗೂ ಅದರಿಂದ ಉಪಕಾರವಿಲ್ಲ, ಮನೆಯ ಉಳಿದವರಿಗೂ ಇಲ್ಲ, ಅದನ್ನು ತೊಳೆದು ಬೋರಲು ಹಾಕುವವಳಿಗಂತೂ ಮೊದಲೇ ಇಲ್ಲ. ಈ ಮಾತನ್ನು ಧನುರ್ಮಾಸ, ಸಂಕ್ರಾಂತಿಗಳ ಹೊತ್ತಿನಲ್ಲಿ ಹೇಳುವುದಕ್ಕೆ ಕಾರಣವಿದೆ. ವರ್ಷದಲ್ಲಿ ಪುಟ್ಟ ಪಾತ್ರೆಯ ಬಣ್ಣ ಬಯಲಾಗುವುದೇ ಈ ಚಳಿಗಾಲದಲ್ಲಿ.

ಡಿಸೆಂಬರ್ ನಡುವಿನಲ್ಲಿ ಧನುರ್ಮಾಸ ಹಿಡಿಯುತ್ತದೆ. ಸೂರ್ಯ ಹುಟ್ಟುವ ಮೊದಲೇ ಹುಗ್ಗಿ, ಜೊತೆಗೆ ಹುಣಸೆಹಣ್ಣಿನ ಗೊಜ್ಜು. ಅಷ್ಟರಲ್ಲಿ ಸಂತೆಗೆ ಸೊಗಡಿನ ಅವರೆಕಾಯಿ ಬಂದಿರುತ್ತದೆ. ಅವರೆಕಾಳಿನ ಉಪ್ಪಿಟ್ಟು, ಅಕ್ಕಿ ರೊಟ್ಟಿ, ಹಿತಕಿದ ಬೇಳೆಯ ಸಾರು ಎಂದು ದಿನಕ್ಕೊಂದು ಸರದಿ. ಕ್ರಿಸ್‌ಮಸ್ ರಜೆಗೆ ಬೆಂಗಳೂರಿನಿಂದ ಮಕ್ಕಳು, ಮೊಮ್ಮಕ್ಕಳು ಬರುತ್ತಾರೆ. ಅವರ ಹಿಂದೆಯೇ ಬೇಕರಿಯ ನಿಪ್ಪಟ್ಟು, ಖಾರದ ಬಿಸ್ಕತ್ತು, ಕಾಂಗ್ರೆಸ್ ಕಡಲೆಬೀಜದ ಪೊಟ್ಟಣಗಳೂ ಬರುತ್ತವೆ. ಚಳಿಗೆ ಬಾಯಿ ಕಡಿಯುತ್ತದೆಂದು ಬೇಸಿಗೆಯಲ್ಲಿ ಒಣಗಿಸಿಟ್ಟ ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ ಡಬ್ಬಿಯಿಂದ ಹೊರಬೀಳುತ್ತವೆ. ಇಷ್ಟರ ನಡುವೆ ಪುಟ್ಟ ಪಾತ್ರೆಯೇನೋ ಇದ್ದೇ ಇರುತ್ತದೆ. ಅದರ ಸಪ್ಪೆ ಸಾರನ್ನು ಅನ್ನಕ್ಕೆ ಸುರಿದುಕೊಂಡ ಯಜಮಾನರು ಎರಡು ಹಪ್ಪಳ, ಒಂದು ಹೋಳು ಮಾವಿನ ಉಪ್ಪಿನಕಾಯಿ, ಮೂರು ಮಜ್ಜಿಗೆ ಮೆಣಸಿನಕಾಯಿ ನಂಜಿಕೊಂಡು ಊಟ ಮುಗಿಸುತ್ತಾರೆ. ಸಾರಿನಲ್ಲಿ ಉಳಿಸಿದ್ದು ತಟ್ಟೆಯಂಚಿನಲ್ಲಿ ಬಡ್ಡಿಸಮೇತ ಹೊಟ್ಟೆಗೆ ಹೋಯಿತು. ಆದರೆ ಲೆಕ್ಕದಲ್ಲಿ ಅವರು ಪಥ್ಯದಲ್ಲಿದ್ದಾರೆ!

ಚಳಿಗಾಲದಲ್ಲಿ ಇನ್ನೊಂದು ವಿಷಯವೂ ಉಂಟು. ಥಂಡಿಗೆ ರಕ್ತನಾಳಗಳು ಬಿಗಿದುಕೊಳ್ಳುವುದರಿಂದ ರಕ್ತದೊತ್ತಡ ಬೇಸಿಗೆಗಿಂತ ತುಸು ಏರುವುದು ಸಾಮಾನ್ಯ. ಒತ್ತಡ ಏರುವ ಕಾಲದಲ್ಲೇ ನಾವು ಉಪ್ಪನ್ನೂ ಏರಿಸುತ್ತೇವೆ. "ಹಬ್ಬ ವರ್ಷಕ್ಕೊಂದು ಸಲ ತಾನೇ ಬರೋದು" ಎಂಬ ಸಮಾಧಾನ ಬೇರೆ. ಧನುರ್ಮಾಸದಿಂದ ರಥಸಪ್ತಮಿಯವರೆಗೆ ಎಣಿಸಿ ನೋಡಿ, ಆ ಒಂದು ಸಲ ಎಷ್ಟು ಸಲ ಬಂದು ಹೋಗುತ್ತದೆಂದು ತಿಳಿಯುತ್ತದೆ.

ಸ್ವಲ್ಪ ಲೆಕ್ಕ ಹೇಳುತ್ತೇನೆ, ಬೇಸರಪಡಬೇಡಿ. ದೊಡ್ಡವರೊಬ್ಬರಿಗೆ ದಿನಕ್ಕೆ 5 ಗ್ರಾಂ ಉಪ್ಪು, ಅಂದರೆ ಒಂದು ಟೀ ಚಮಚಕ್ಕೂ ತುಸು ಕಡಿಮೆ, ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಿ.ಪಿ. ಇದ್ದವರಿಗೆ ಮಾತ್ರ ಹೇಳಿದ್ದಲ್ಲ ಇದು, ಎಲ್ಲರಿಗೂ. ನಾವು ತಿನ್ನುವುದು ಎಷ್ಟು? 2017-18ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಕಂಡದ್ದು ತಲಾ ಸುಮಾರು 8 ಗ್ರಾಂ. ಈ ಗ್ರಾಮುಗಳು ನಮ್ಮ ತಲೆಗೆ ಹೋಗುವುದಿಲ್ಲವಾದ್ದರಿಂದ ನಾನು ಬೇರೆ ದಾರಿ ಹಿಡಿದಿದ್ದೇನೆ. ಒಂದು ಕಿಲೋ ಉಪ್ಪಿನ ಪೊಟ್ಟಣ ಒಡೆದ ದಿನ ಅದರ ಮೇಲೆ ಪೆನ್ನಿನಲ್ಲಿ ತಾರೀಖು ಬರೆದುಬಿಡುತ್ತೇನೆ. ನಾಲ್ಕು ಜನರ ಮನೆಯಲ್ಲಿ ತಲಾ 5 ಗ್ರಾಮಿನ ಲೆಕ್ಕಕ್ಕೆ ಆ ಪೊಟ್ಟಣ 50 ದಿನ ಬರಬೇಕು. 8 ಗ್ರಾಮಿನ ಲೆಕ್ಕಕ್ಕಾದರೆ 31ನೇ ದಿನ ತಳ ಕಾಣುತ್ತದೆ. ಹಪ್ಪಳ, ಉಪ್ಪಿನಕಾಯಿ, ಬೇಕರಿ ತಿಂಡಿ ಅಂಗಡಿಯಿಂದ ಬರುವ ಮನೆಯಾದರೆ ಪೊಟ್ಟಣ ಇನ್ನೂ ಹೆಚ್ಚು ದಿನ ಉಳಿಯಬೇಕು. ನಿಮ್ಮ ಮನೆಯ ಪೊಟ್ಟಣ ಎಷ್ಟು ದಿನ ಬರುತ್ತದೆ? ತಿಂಗಳ ಸಾಮಾನಿನ ಚೀಟಿಯಲ್ಲಿ ಪ್ರತಿ ತಿಂಗಳೂ "ಉಪ್ಪು 1 ಕೆ.ಜಿ." ಎಂದಿದ್ದರೆ, ಬಿ.ಪಿ. ಇರುವವರು ಒಬ್ಬರೇ ಆದರೂ ಪಥ್ಯ ಬೇಕಾದದ್ದು ನಾಲ್ವರಿಗೂ ಎಂದಾಯಿತು. ಹೀಗಿರುವಾಗ ಒಬ್ಬರಿಗೆ ಮಾತ್ರ ಪುಟ್ಟ ಪಾತ್ರೆ ಇಟ್ಟು, ಉಳಿದ ಮೂವರಿಗೆ ಮುಂದೆ ರೋಗ ಬರಲೆಂದು ದೊಡ್ಡ ಪಾತ್ರೆಯಲ್ಲಿ ಬೇಯಿಸಿ ಹಾಕುವುದು ಯಾವ ನ್ಯಾಯ?

ನಮ್ಮ ಮನೆಗೆ ಪುಟ್ಟ ಪಾತ್ರೆ ಬಂದದ್ದು 2015ರಲ್ಲಿ. ನಮ್ಮವರಿಗೆ ಬಿ.ಪಿ. ಎಂದು ತಿಳಿದ ದಿನ ವೈದ್ಯರು ಅವರನ್ನು ಎದುರಿಗೆ ಕೂರಿಸಿಕೊಂಡು, ಮಾತನ್ನು ಮಾತ್ರ ನನ್ನ ಕಡೆ ತಿರುಗಿ ಆಡಿದರು. "ನೋಡಿಮ್ಮಾ, ಇವರಿಗೆ ಉಪ್ಪು ಕಡಿಮೆ ಮಾಡಿಬಿಡಿ." ರೋಗ ಅವರದು, ನಾಲಗೆ ಅವರದು, ಆಜ್ಞೆ ನನಗೆ! ಅವರು ಗೋಡೆಯ ಕ್ಯಾಲೆಂಡರು ನೋಡುತ್ತ ಕುಳಿತಿದ್ದರು. ಆ ವೈದ್ಯರನ್ನು ದೂರಿ ಪ್ರಯೋಜನವಿಲ್ಲ, ನಾನು ಕಂಡ ಬೇರೆ ವೈದ್ಯರೂ ಹೀಗೆಯೇ ಹೇಳುವುದು. ಗಂಡಸಿನ ಪಥ್ಯ ಹೆಂಗಸಿನ ಕೆಲಸ ಎಂಬುದು ಔಷಧದ ಚೀಟಿಯಲ್ಲಿ ಬರೆಯದಿದ್ದರೂ ಎಲ್ಲರಿಗೂ ಗೊತ್ತಿರುವ ವಿಷಯ. ಒತ್ತಡ ಇಳಿಯದಿದ್ದರೆ ಕೇಳುವುದೂ ನಮ್ಮನ್ನೇ. "ಏನಮ್ಮಾ, ಉಪ್ಪು ಜಾಸ್ತಿ ಹಾಕ್ತಾ ಇದೀರಾ?"

ಈಗ ನನ್ನ ದೊಡ್ಡಕ್ಕನ ವಿಷಯಕ್ಕೆ ಬರುತ್ತೇನೆ. ಭಾವನವರಿಗೆ ನಮ್ಮವರಿಗಿಂತ ಬಹಳ ಮೊದಲೇ ಬಿ.ಪಿ. ಕಾಣಿಸಿಕೊಂಡಿತ್ತು. ಅಕ್ಕ ಹನ್ನೆರಡು ವರ್ಷ ಪುಟ್ಟ ಪಾತ್ರೆ ಇಟ್ಟವಳು. ಸಾರು ಎರಡು, ಪಲ್ಯ ಎರಡು, ಉಪ್ಪಿಟ್ಟು ಎರಡು. ಹಿತಕಿದ ಬೇಳೆ ಮಾಡುವ ದಿನ ರಾತ್ರಿ ಹನ್ನೊಂದರವರೆಗೆ ಕುಳಿತು ಕಾಳು ಹಿತಕಿ, ಮಸಾಲೆ ರುಬ್ಬಿ, ಆಮೇಲೆ ಅದನ್ನೂ ಎರಡು ಪಾಲು ಮಾಡುತ್ತಿದ್ದಳು. ತಾನು ಉಣ್ಣುತ್ತಿದ್ದದ್ದು ಕೊನೆಯಲ್ಲಿ, ದೊಡ್ಡ ಪಾತ್ರೆಯ ತಳದಲ್ಲಿ ಕುದಿದು ಕುದಿದು ಗಟ್ಟಿಯಾದದ್ದನ್ನು ಅನ್ನಕ್ಕೆ ಬಳಿದುಕೊಂಡು. ಸಾರು ಸಾಲದೆ ಹೋದ ದಿನ ಉಪ್ಪಿನಕಾಯಿಯ ರಸ ಇದ್ದೇ ಇತ್ತು. ತಿಂಗಳಿಗೊಮ್ಮೆ ಭಾವನವರ ಜೊತೆ ಆಸ್ಪತ್ರೆಗೆ ಹೋಗುವಳು. ಅವರು ಒಳಗೆ ಹೋದರೆ ಇವಳು ಹೊರಗಿನ ಬೆಂಚಿನ ಮೇಲೆ ಅವರ ಚಪ್ಪಲಿ, ಛತ್ರಿ ಕಾಯುತ್ತ ಕೂರುವಳು. ಹನ್ನೆರಡು ವರ್ಷದಲ್ಲಿ ನೂರಕ್ಕೂ ಹೆಚ್ಚು ಸಲ ಆ ಬೆಂಚಿನ ಮೇಲೆ ಕುಳಿತಿದ್ದಾಳೆ. ಒಮ್ಮೆಯಾದರೂ ಆ ಒತ್ತಡ ನೋಡುವ ಪಟ್ಟಿಯನ್ನು ಅವಳ ತೋಳಿಗೆ ಯಾರೂ ಸುತ್ತಲಿಲ್ಲ. ವೈದ್ಯರಿಗೆ ಹೊಳೆಯಲಿಲ್ಲ, ಗಂಡನಿಗೆ ಹೊಳೆಯಲಿಲ್ಲ, ಓದಿದ ಇಬ್ಬರು ಗಂಡುಮಕ್ಕಳಿಗೂ ಹೊಳೆಯಲಿಲ್ಲ. ಅವಳಿಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದಾಳೆ!

2018ರ ಜನವರಿಯಲ್ಲಿ, ಸಂಕ್ರಾಂತಿಯಾಗಿ ಮೂರನೆಯ ದಿನ, ಎಳ್ಳು ಬೀರಿ ಉಳಿದ ತಟ್ಟೆಗಳನ್ನು ಎತ್ತಿಡುತ್ತಿದ್ದವಳು ಅಲ್ಲೇ ಕುಸಿದಳು. ಆಸ್ಪತ್ರೆಯಲ್ಲಿ ನೋಡಿದಾಗ ಒತ್ತಡ 210ಕ್ಕೆ 120 ಇತ್ತು. ಬಲಗೈ, ಬಲಗಾಲಿಗೆ ಲಕ್ವ ಹೊಡೆದಿತ್ತು. ಮಾತು ಹೋಯಿತು. ಮಾತು ಅರ್ಧ ಮರಳಿ ಬಂದಿದೆ, ಬಲಗೈ ಬರಲೇ ಇಲ್ಲ.

ಇದಾದ ಮೇಲೆ ಅಕ್ಕನ ಮನೆಗೆ ಅಡುಗೆಗೆಂದು ಒಬ್ಬಾಕೆಯನ್ನು ಗೊತ್ತುಮಾಡಿದರು. ಆಕೆ ಮೊದಲ ದಿನವೇ ಪುಟ್ಟ ಪಾತ್ರೆಯನ್ನು ನೋಡಿ, "ಎರಡೆರಡು ಸಲ ಮಾಡೋಕಾಗಲ್ಲ ಸಾರ್. ಇನ್ನೂ ಎರಡು ಮನೆ ಇದೆ ನಂಗೆ. ಒಂದೇ ಪಾತ್ರೆ, ಉಪ್ಪು ಕಡಿಮೆ ಹಾಕ್ತೀನಿ, ಎಲ್ರೂ ಅದನ್ನೇ ಊಟ ಮಾಡಿ" ಎಂದಳಂತೆ. ಭಾವನವರು ತಲೆಯಾಡಿಸಿದರು. ಮಕ್ಕಳೂ ಮರುಮಾತಾಡಲಿಲ್ಲ. ಈಗ ಆ ಮನೆಯಲ್ಲಿ ಎಲ್ಲರಿಗೂ ಒಂದೇ ಸಾರು. ಕೈಹಿಡಿದವಳಿಗೆ ಹನ್ನೆರಡು ವರ್ಷದಲ್ಲಿ ಆಗದ ಕೆಲಸ ಸಂಬಳದವಳಿಗೆ ಒಂದು ಮಾತಿನಲ್ಲಿ ಆಯಿತು. ಯಾಕೆಂದರೆ ಅವಳು ಬಿಟ್ಟು ಹೋಗಬಲ್ಲಳು. ಈ ಕತೆಯನ್ನು ಯಾರಿಗೆ ಹೇಳಿದರೂ ಹೆಂಗಸರು ನಗುತ್ತಾರೆ, ಗಂಡಸರು ಎದ್ದು ಹೊರಗೆ ಹೋಗುತ್ತಾರೆ.

ಅಕ್ಕನನ್ನು ನೋಡಿಕೊಂಡು ಬಂದ ವಾರವೇ ನಾನೂ ಪರೀಕ್ಷೆ ಮಾಡಿಸಿಕೊಂಡೆ. 150ಕ್ಕೆ 96. ಮತ್ತೆ ಎರಡು ಸಲ ನೋಡಿದರೂ ಹೆಚ್ಚೂಕಡಿಮೆ ಅಷ್ಟೇ. ಮನೆಯಲ್ಲಿ ಹೇಳಿದಾಗ ನಮ್ಮವರು ಪತ್ರಿಕೆಯಿಂದ ತಲೆಯೆತ್ತಿ, "ಹಾಗಾದ್ರೆ ನೀನೂ ಪುಟ್ಟ ಪಾತ್ರೇಲೇ ಊಟ ಮಾಡು" ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಒಳ್ಳೆಯ ಮನುಷ್ಯರೇ. ಆದರೆ ಪುಟ್ಟ ಪಾತ್ರೆ ಇಬ್ಬರಿಗೆ ಸಾಲುವುದಿಲ್ಲ ಎಂಬುದು ಅವರಿಗೆ ಗೊತ್ತಿರಲಿಲ್ಲ. ಅದರ ಅಳತೆಯನ್ನು ಅವರು ಎಂದೂ ನೋಡಿದವರಲ್ಲ. ಅವತ್ತೇ ಅದನ್ನು ತೊಳೆದು ಅಟ್ಟಕ್ಕೆ ಹಾಕಿದೆ. ಇನ್ನು ಈ ಮನೆಯಲ್ಲಿ ಒಂದೇ ಪಾತ್ರೆ ಎಂದೆ.

ಆಮೇಲಿನ ಗಲಾಟೆಯನ್ನು ಕೇಳಬೇಡಿ. ವರ್ಷವಿಡೀ ಹೇಗೋ ಸಾಗಿತು, ಪೆಟ್ಟು ಬಿದ್ದದ್ದು ಮುಂದಿನ ಸಂಕ್ರಾಂತಿಗೆ. ನಮ್ಮ ನಾದಿನಿ ಊಟಕ್ಕೆ ಕುಳಿತು ಮೊದಲ ತುತ್ತಿಗೇ "ಏನತ್ತಿಗೆ, ಹಬ್ಬದ ದಿನಾನೂ ಆಸ್ಪತ್ರೆ ಊಟಾನಾ?" ಎಂದಳು. ಮಗ ನಕ್ಕ. ಇವರು, "ನೋಡಮ್ಮ, ನಂಗೆ ದಿನಾ ಇದೇ" ಎಂದು ತಂಗಿಯ ಮುಂದೆ ನಿಟ್ಟುಸಿರಿಟ್ಟರು. ಸೊಸೆ ಮಾತ್ರ ಮಾತಾಡದೆ ಎರಡನೆಯ ಸಲ ಹಾಕಿಸಿಕೊಂಡಳು. ಬೆಂಗಳೂರಿನಲ್ಲಿ ಆಫೀಸು ಮುಗಿಸಿ ಬಂದು ಹೋಟೆಲಿನದನ್ನು ತರಿಸಿ ಉಣ್ಣುವ ಹುಡುಗಿಗೆ ಮನೆಯ ಅವರೆಕಾಳಿನ ಸೊಗಡೇ ಸಾಕಾಗಿತ್ತು.

"ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ" ಎಂಬ ಗಾದೆಯನ್ನು ಇಂಥ ಸಮಯದಲ್ಲಿ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ. ಗಾದೆಯ ಮೊದಲರ್ಧವನ್ನು ದಿನಕ್ಕೆರಡು ಸಲ ನೆನೆಯುವವರು ಎರಡನೆಯ ಅರ್ಧವನ್ನು ವರ್ಷಕ್ಕೊಮ್ಮೆ ನೆನೆದು ಆ ತಾಯಿಯ ಬಿ.ಪಿ. ನೋಡಿಸಿದ್ದರೆ ನನ್ನ ಅಕ್ಕ ಇವತ್ತು ತನ್ನ ಕೈಯಲ್ಲೇ ತುತ್ತು ತಿನ್ನುತ್ತಿದ್ದಳು.

ಪಶ್ಚಿಮದ ದೇಶಗಳಲ್ಲಿ ಜನರ ಹೊಟ್ಟೆಗೆ ಹೋಗುವ ಉಪ್ಪಿನಲ್ಲಿ ಹೆಚ್ಚಿನದು ಕಾರ್ಖಾನೆಯ ತಿಂಡಿಯಿಂದ ಬರುತ್ತದೆ, ನಮ್ಮಲ್ಲಿ ಬಹುಪಾಲು ಅಡುಗೆಮನೆಯಿಂದಲೇ. ಇದನ್ನು ಹೇಳಿದ ಕೂಡಲೇ "ಹಾಗಾದರೆ ಚಮಚ ನಿಮ್ಮ ಕೈಯಲ್ಲೇ ಇದೆಯಲ್ಲ" ಎನ್ನುವವರಿದ್ದಾರೆ. ಚಮಚ ನಮ್ಮ ಕೈಯಲ್ಲಿದೆ, ಅದನ್ನು ಅಲ್ಲಾಡಿಸುವುದು ಊಟಕ್ಕೆ ಕುಳಿತವರ ನಾಲಗೆ. ಮದುವೆಯಾಗಿ ಬಂದ ಹೊಸದರಲ್ಲಿ ಯಾವ ಹುಡುಗಿಯೂ ಉಪ್ಪು ಜಾಸ್ತಿಯಾಯಿತೆಂದು ಬೈಸಿಕೊಳ್ಳಲು ಹೆದರುವಷ್ಟೇ ಕಡಿಮೆಯಾಯಿತೆಂದು ಬೈಸಿಕೊಳ್ಳಲೂ ಹೆದರುತ್ತಾಳೆ. ಹಬ್ಬದ ದಿನವಂತೂ ನೈವೇದ್ಯಕ್ಕೆ ಮೊದಲು ರುಚಿ ನೋಡುವಂತಿಲ್ಲ. ಕೈಯಂದಾಜಿನಲ್ಲಿ ಹಾಕಬೇಕು. ಹೆದರಿದ ಕೈ ಒಂದು ಚಿಟಿಕೆ ಹೆಚ್ಚೇ ಹಾಕುತ್ತದೆ. ಅಂಥ ದಿನ ನಾನು ಚಮಚದಲ್ಲಿ ಅಳೆದೇ ಹಾಕುತ್ತೇನೆ. ದೇವರು ಇದುವರೆಗೂ ಉಪ್ಪು ಕಡಿಮೆಯೆಂದು ತಟ್ಟೆ ಸರಿಸಿದ್ದನ್ನು ನಾನು ಕಂಡಿಲ್ಲ.

ಗಾಂಧೀಜಿ ಆತ್ಮಕಥೆಯಲ್ಲಿ ದಕ್ಷಿಣ ಆಫ್ರಿಕದ ಒಂದು ಪ್ರಸಂಗ ಬರುತ್ತದೆ. ಕಸ್ತೂರಬಾ ಕಾಯಿಲೆಯಲ್ಲಿದ್ದಾಗ ಉಪ್ಪು, ಬೇಳೆ ಬಿಡುವಂತೆ ಅವರು ಒತ್ತಾಯಿಸಿದರು. ಆಕೆ ಒಪ್ಪಲಿಲ್ಲ, ನಿಮಗೇ ಹೇಳಿದರೆ ನೀವೂ ಬಿಡಲಾರಿರಿ ಎಂದರು. ಗಾಂಧೀಜಿ ತಟ್ಟನೆ, ನೀನು ಬಿಡು ಬಿಡದಿರು, ನಾನು ಒಂದು ವರ್ಷ ಬಿಟ್ಟೆ ಎಂದುಬಿಟ್ಟರು. ಆಕೆ ಗಾಬರಿಯಾಗಿ ತಾನೂ ಬಿಡುತ್ತೇನೆ, ಮಾತು ಹಿಂದಕ್ಕೆ ತೆಗೆದುಕೊಳ್ಳಿ ಎಂದು ಬೇಡಿದರೂ ಕೇಳಲಿಲ್ಲ. ಆಕೆ ಅತ್ತರು. ಅವರ ವೈದ್ಯದಲ್ಲಿ ನನಗೆ ನಂಬಿಕೆಯಿಲ್ಲ, ಆ ಹಟವೂ ನನಗೆ ಹಿಡಿಸುವುದಿಲ್ಲ. ಅಳುತ್ತಿರುವ ಹೆಂಡತಿಯ ಎದುರು ಗೆದ್ದದ್ದು ಎಂಥ ಗೆಲುವು? ಆದರೂ ಒಂದನ್ನು ಒಪ್ಪಲೇಬೇಕು. ಹೆಂಡತಿಗೆ ಸಪ್ಪೆ ಬಡಿಸಿ ತಾನು ಉಪ್ಪು ತಿನ್ನುವುದು ಸರಿಯಲ್ಲ ಎಂದು ಆ ಮನುಷ್ಯನಿಗೆ ಹೊಳೆಯಿತು. 1930ರಲ್ಲಿ ಅವರು ದಂಡಿಯಲ್ಲಿ ಉಪ್ಪು ಎತ್ತಿದ್ದು, ನಮ್ಮ ಅಂಕೋಲೆಯವರು ಸರ್ಕಾರವನ್ನು ಎದುರಿಸಿ ಉಪ್ಪು ಮಾಡಿದ್ದು ಶಾಲೆಯ ಮಕ್ಕಳಿಗೆಲ್ಲ ಗೊತ್ತು. ಅಡುಗೆಮನೆಯ ಈ ಉಪ್ಪಿನ ಕತೆಯನ್ನು ಯಾವ ಮೇಷ್ಟರೂ ಹೇಳುವುದಿಲ್ಲ.

ರುಚಿ ಹೋಗುತ್ತದೆ ಎನ್ನುವವರಿಗೆ ಎರಡು ಮಾತು. ನಾಲಗೆಗೆ ಎರಡು ಮೂರು ತಿಂಗಳು ಕೊಡಿ, ಕಡಿಮೆ ಉಪ್ಪಿಗೆ ಅದು ಒಗ್ಗಿಕೊಳ್ಳುತ್ತದೆ. ಆಮೇಲೆ ಮೊದಲಿನ ಅಡುಗೆ ಬಾಯಿಗಿಟ್ಟರೆ ಸಮುದ್ರದ ನೀರಿನಂತಿರುತ್ತದೆ. ಇನ್ನು ಚಳಿಗಾಲದ ಅಡುಗೆಯಷ್ಟು ಉಪ್ಪಿನ ಹಂಗು ಕಡಿಮೆಯಿರುವ ಅಡುಗೆ ಬೇರೆ ಯಾವ ಕಾಲದಲ್ಲಿದೆ? ಎಳ್ಳು-ಬೆಲ್ಲಕ್ಕೆ ಉಪ್ಪೇ ಇಲ್ಲ. ಕಬ್ಬು, ಗೆಣಸಿಗೆ ಬೇಡ. ಅನ್ನಕ್ಕೆ ನಮ್ಮಲ್ಲಿ ಹಾಕುವ ಪದ್ಧತಿಯೇ ಇಲ್ಲ. ಸೊಗಡಿನ ಅವರೆಯ ಪರಿಮಳವೇ ಅರ್ಧ ರುಚಿ. ಧನಿಯ, ಮೆಣಸು, ಚಕ್ಕೆ, ಲವಂಗ ಹದವಾಗಿ ಹುರಿದು ಆಗಲೇ ರುಬ್ಬಿ ಹಾಕಿದರೆ ಉಳಿದರ್ಧ ಬಂತು. ಹುಗ್ಗಿಗೂ ಉಪ್ಪು, ಗೊಜ್ಜಿಗೂ ಉಪ್ಪು ಯಾಕೆ? ಎರಡನ್ನೂ ಕಲೆಸಿಯೇ ತಾನೆ ತಿನ್ನುವುದು? ನಾನು ಗೊಜ್ಜಿಗೆ ಮಾತ್ರ ಹಾಕುತ್ತೇನೆ. ಹುಳಿ, ಬೆಲ್ಲ, ಖಾರ ಮೂರೂ ಕೂಡಿದ ಕಡೆ ಉಪ್ಪು ಕಡಿಮೆಯಾದದ್ದು ಗೊತ್ತಾಗುವುದೇ ಇಲ್ಲ. ಹುಗ್ಗಿಗೆ ಶುಂಠಿ, ಮೆಣಸು, ಜೀರಿಗೆ ತುಪ್ಪದಲ್ಲಿ ಚಿಟಪಟ ಎಂದರೆ ಸಾಕು.

ಈಚೆಗೆ ಸೈಂಧವ ಲವಣದ ಹುಚ್ಚು ಹಬ್ಬಿದೆ. ಬಣ್ಣ ಗುಲಾಬಿಯಾದರೂ ಅದೂ ಬಹುಪಾಲು ಸೋಡಿಯಂ ಕ್ಲೋರೈಡೇ, ದುಡ್ಡು ದಂಡ. ಅಯೋಡಿನ್ ಸೇರಿಸಿದ ಉಪ್ಪು ಬಿಟ್ಟು ಅದನ್ನು ಹಿಡಿದರೆ ಅಯೋಡಿನ್ನೂ ತಪ್ಪೀತು. ಸೋಡಿಯಂ ಕಡಿಮೆ ಮಾಡಿ ಪೊಟ್ಯಾಸಿಯಂ ಬೆರೆಸಿದ ಉಪ್ಪಿನ ಮಾತು ಬೇರೆ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21 ಸಾವಿರ ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದನ್ನು ಬಳಸಿದವರಿಗೆ ಲಕ್ವ ಹೊಡೆಯುವುದು ಶೇಕಡಾ 14ರಷ್ಟು ಕಡಿಮೆಯಾಗಿತ್ತು. 2025ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಅದರ ಪರವಾಗಿ ಸಲಹೆ ಕೊಟ್ಟಿದೆ. ಆದರೆ ಮೂತ್ರಪಿಂಡದ ತೊಂದರೆ ಇರುವವರು, ಗರ್ಭಿಣಿಯರು, ಮಕ್ಕಳು ಆ ಸಲಹೆಯ ಹೊರಗೆ. ಬಿ.ಪಿ.ಯ ಕೆಲವು ಮಾತ್ರೆಗಳ ಜೊತೆಗೂ ಅದು ಹೊಂದುವುದಿಲ್ಲ. ವೈದ್ಯರನ್ನು ಕೇಳದೆ ಅಂಗಡಿಯಿಂದ ತರಬೇಡಿ. ಮೊಮ್ಮಕ್ಕಳು ತರುವ ಪೊಟ್ಟಣಗಳ ಹಿಂಭಾಗದಲ್ಲಿ ಸೋಡಿಯಂ ಎಷ್ಟೆಂದು ಬರೆದಿರುತ್ತದೆ. 400 ಮಿಲಿಗ್ರಾಂ ಎಂದಿದ್ದರೆ 1 ಗ್ರಾಂ ಉಪ್ಪೆಂದು ಓದಿಕೊಳ್ಳಿ. ನನ್ನ ಮೊಮ್ಮಗನಿಗೆ ಈ ಲೆಕ್ಕ ಹೇಳಿಕೊಟ್ಟಿದ್ದೇನೆ. ಅವನೀಗ ಅಜ್ಜನ ನಿಪ್ಪಟ್ಟಿನ ಮೇಲೆ ಪತ್ತೇದಾರಿ ನಡೆಸುತ್ತಾನೆ.

ನಾದಿನಿಯ ಬಾಯಿ ಮುಚ್ಚಿಸಿದ್ದು ಮಾತ್ರ ನಮ್ಮ ಹಳೆಯ ಪದ್ಧತಿಯೇ. ಬಾಳೆಯೆಲೆ ಹಾಕಿದಾಗ ಮೊದಲು ತುದಿಗೆ ಉಪ್ಪು ಬಡಿಸುತ್ತೇವಲ್ಲ? ಬೇಕಾದವರು ಅಲ್ಲಿಂದ ಹಾಕಿಕೊಳ್ಳಲಿ, ಪಾತ್ರೆಗೆ ನಾನು ಹಾಕುವುದಿಲ್ಲ ಎಂದೆ. ಅಡುಗೆಯಲ್ಲಿ ಉಪ್ಪು ಇಳಿಸಿ, ಕೈಗೆ ಉಪ್ಪಿನ ಡಬ್ಬಿ ಕೊಟ್ಟರೆ ಜನ ಇಳಿಸಿದ್ದರ ಐದನೆಯ ಒಂದು ಪಾಲನ್ನೂ ಮತ್ತೆ ಹಾಕಿಕೊಳ್ಳುವುದಿಲ್ಲವೆಂದು ಅಮೆರಿಕದಲ್ಲಿ 1987ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ನಮ್ಮ ಮನೆಯಲ್ಲೂ ಹಾಗೆಯೇ ಆಯಿತು. ಊಟವಾಗಿ ಎಲೆ ಎತ್ತುವಾಗ ನೋಡಿದರೆ, ನಾದಿನಿಯ ಎಲೆತುದಿಯ ಉಪ್ಪು ಮುಕ್ಕಾಲು ಪಾಲು ಹಾಗೆಯೇ ಇತ್ತು.

ಎಲೆ ಎತ್ತಿದ್ದು ಯಾರೆಂದು ಕೇಳಿದಿರಾ? ನಮ್ಮವರು. ನಾನು ಮಾತ್ರೆ ನುಂಗಲು ಒಳಗೆ ಹೋಗಿದ್ದೆ, ಬರುವಷ್ಟರಲ್ಲಿ ಸೊಂಟಕ್ಕೆ ಟವಲು ಬಿಗಿದು ಶುರುಮಾಡಿದ್ದರು. ಈಗ ತಿಂಗಳಿಗೊಮ್ಮೆ ಇಬ್ಬರೂ ಒಟ್ಟಿಗೆ ಹೋಗಿ ತೋಳು ಚಾಚುತ್ತೇವೆ. ಉಪ್ಪಿನಕಾಯಿ ಭರಣಿಯ ಬೀಗದ ಕೈ ನನ್ನಲ್ಲಿದೆ, ವಾರಕ್ಕೆರಡು ಹೋಳು ಎಂದು ಒಪ್ಪಂದವಾಗಿದೆ. ಸಂಕ್ರಾಂತಿಯ ಕಡಲೆಕಾಯಿ ಬೇಯಿಸುವ ನೀರಿಗೆ ಉಪ್ಪು ಹಾಕಬೇಕೆ ಬೇಡವೆ ಎಂಬ ವ್ಯಾಜ್ಯ ಮಾತ್ರ ತೀರ್ಮಾನವಾಗಿಲ್ಲ. ಸಿಪ್ಪೆ ಬಿಡಿಸಿ ತಿನ್ನುವುದರಿಂದ ಒಳಗೆ ಇಳಿಯುವುದಿಲ್ಲವೆಂದು ಅವರು, ಹಾಗಾದರೆ ಹಾಕುವುದೇಕೆಂದು ನಾನು.